ಪರದೆಯ ಹಿಂದಿನ ಉದರವಾಣಿ

ಮಾತು ಬಲ್ಲವನಿಗೆ ರೋಗವಿಲ್ಲ, ಊಟ ಬಲ್ಲವನಿಗೆ ಜಗಳವಿಲ್ಲ. ಗಾದೆ ಹಿಂದುಮುಂದಾಯಿತೆಂದು ತಿದ್ದಲು ಹೊರಟವರು ಸ್ವಲ್ಪ ತಾಳಬೇಕು. ಇದು ಸತ್ಯಕಥೆ. ನಡೆದದ್ದನ್ನು ನಡೆದಂತೆಯೇ ಬರೆದಿದೆ. ನಡೆಯಬೇಕಾದ ವರ್ಷ ಇನ್ನೂ ಬಂದಿಲ್ಲ ಎಂಬುದೊಂದೇ ಕೊರತೆ.

"ನಮಸ್ಕಾರ. ಇದು ಉದರವಾಣಿ. ಬೆಳಗಿನ ವರದಿ. ಕರುಳಿನ ಬಲಭಾಗದಲ್ಲಿ ಚಲನೆ ಸಾಧಾರಣವಾಗಿದೆ. ಎಡಭಾಗದಲ್ಲಿ ವಾಯು ಸಂಚಾರ ಆರಂಭವಾಗಿದ್ದು, ಸಂಜೆಯ ವೇಳೆಗೆ ಹೊರಬೀಳುವ ನಿರೀಕ್ಷೆಯಿದೆ. ಹೊಲಿಗೆಗಳು ಬಿಗಿಯಾಗಿವೆ. ವರದಿ ಮುಕ್ತಾಯವಾಯಿತು."

ಮೂಗಿನಲ್ಲೊಂದು, ಪಕ್ಕೆಯಲ್ಲೆರಡು ನಳಿಗೆ ಸಿಕ್ಕಿಸಿಕೊಂಡು ಅಂಗಾತ ಮಲಗಿದ್ದ ಗದಿಗೆಪ್ಪ ಮೇಷ್ಟ್ರು ಕಣ್ಣು ತೆರೆಯದೆಯೇ ಗದರಿದರು: "ನೆಟ್ಟಗೆ ಹೂಸು ಅನ್ನು. ವಾಯು ಸಂಚಾರವಂತೆ!"

ಕಾಲಬಳಿ ಕುಳಿತಿದ್ದ ಹೆಂಡತಿ ಮಂಗಳಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಗುವೋ ಅಳುವೋ ಸೆರಗಿಗೇ ಗೊತ್ತು. ಹಾಸಿಗೆಯ ತಲೆಯ ಕಡೆ ಒಂದು ಪರದೆ. ಅದರಾಚೆ, ರೋಗಿಯ ಜೊತೆಗಿರುವವರಿಗೆಂದು ಹಾಕಿದ ಕಿರುಮಂಚ. ಅಲ್ಲಿದ್ದ ಮಂಗಳಮ್ಮನ ತಮ್ಮ ಕೊಟ್ರೇಶ ಮಾತ್ರ ನಗಲಿಲ್ಲ. ಅವನು ಯಂತ್ರದ ದನಿಯನ್ನು ತುಟಿಯಲ್ಲೇ ಮೆಲ್ಲುತ್ತಿದ್ದ. 'ವರದಿ'ಯ ಮೇಲೆ ಒಂದಿಷ್ಟು ಒತ್ತು, ವಾಕ್ಯದ ಕೊನೆಗೆ ಉಸಿರೇ ಇಲ್ಲ, ಹಳೆಯ ಕಾಲದ ವಾರ್ತೆ ಓದುವವರಿಗೆ ನೆಗಡಿ ವಾಸಿಯಾದಂಥ ದನಿ. ಎರಡು ದಿನ ಕೊಟ್ಟರೆ ಇದನ್ನು ಹೊಡೆದುಹಾಕಬಹುದು ಎಂದುಕೊಂಡ.

ದನಿ ಹೊಡೆಯುವುದೇ ಕೊಟ್ರೇಶನ ಕಸುಬು. ಬಿ.ಎ. ಮುಗಿಸಿ ಕೆಲಸಕ್ಕೆ ಅರ್ಜಿ ಬರೆಯುವ ಬದಲು ಮಿಮಿಕ್ರಿ ಹಿಡಿದವನು. ಮಿಕ್ಸಿ, ಮಂತ್ರಿ, ಮೂರು ತಿಂಗಳ ಮಗು, ಏನು ಕೇಳಿದರೂ ಸರಿ. ದಾವಣಗೆರೆ ಸೀಮೆಯ ಮದುವೆಗಳಲ್ಲಿ ಅವನ ಕಾರ್ಯಕ್ರಮದ ಮುಖ್ಯ ಐಟಂ ಮಾತ್ರ ಒಂದೇ: ಹರಿಹರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಮೂರು ತಲೆಮಾರನ್ನು ಓಡಿಸಿದ ಗದಿಗೆಪ್ಪನವರ ಗರ್ಜನೆ. ಆ ಮೇಷ್ಟ್ರೇ ಅವನ ಗುರು, ಅವನ ಭಾವ. ಭಾವನ ಎದುರಿಗೆ ಮಾತ್ರ ಅವನು ಆ ದನಿಯನ್ನು ಎಂದೂ ತೆಗೆದವನಲ್ಲ.

ಮೇಷ್ಟ್ರ ಕಾಯಿಲೆ ಹೀಗಿತ್ತು. ದೊಡ್ಡ ಕರುಳಿನಲ್ಲಿ ಹುಟ್ಟಿದ ಕ್ಯಾನ್ಸರ್, ಕರುಳಿನ ಗೋಡೆ ದಾಟಿ ಉದರಪೊರೆಯ ಮೇಲೆ ಉದುರಿತ್ತು. ಹೊಟ್ಟೆಯ ಒಳಗೋಡೆಗೂ ಅಂಗಗಳಿಗೂ ಹೊದಿಸಿದ ತೆಳುವಾದ, ನುಣುಪಾದ ಹೊದಿಕೆಯೇ ಈ ಪೊರೆ. ಅದರ ಮೇಲೆ ರಾಗಿ ಚೆಲ್ಲಿದಂತೆ ಅಲ್ಲಲ್ಲಿ ಗಂಟು. ಇಂಥವರನ್ನು ಮನೆಗೆ ಕಳಿಸಿಬಿಡುತ್ತಿದ್ದ ಕಾಲವೊಂದಿತ್ತು. ಆಮೇಲೆ, ಹರಡಿದ್ದು ಮಿತಿಯೊಳಗಿದ್ದು ರೋಗಿಗೆ ತಾಳುವ ಶಕ್ತಿಯಿದ್ದರೆ, ಹೊಟ್ಟೆ ತೆರೆದು ಕಾಣುವ ಗಂಟುಗಳನ್ನೆಲ್ಲ ಪೊರೆಯ ಸಮೇತ ಸುಲಿದು, ಕಣ್ಣಿಗೆ ಕಾಣದವಕ್ಕೆಂದು ಬಿಸಿ ಮಾಡಿದ ಔಷಧವನ್ನು ಹೊಟ್ಟೆಯೊಳಗೇ ಒಂದಷ್ಟು ಹೊತ್ತು ಸುತ್ತಾಡಿಸುವ ಚಿಕಿತ್ಸೆ ಬಂತು. ಶಸ್ತ್ರವೈದ್ಯೆ ಡಾ. ಮೆಹರ್‌ತಾಜ್ ಅದಕ್ಕಿಟ್ಟ ಹೆಸರು 'ಬಿಸಿಮಜ್ಜನ'. ಬೆಳಿಗ್ಗೆ ಒಳಗೆ ಹೋದ ರೋಗಿ ಹೊರಬರುವಾಗ ಬೀದಿದೀಪ ಹತ್ತಿರುತ್ತದೆ, ಅಷ್ಟು ದೀರ್ಘ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಕಾಣದ್ದು ಅಳಿಯಿತೋ, ಉಳಿಯಿತೋ? ಅದಕ್ಕಾಗಿಯೇ ಮೆಹರ್‌ತಾಜ್ ಹತ್ತು ವರ್ಷ ಕೂತು ಉದರವಾಣಿಯನ್ನು ಕಟ್ಟಿದ್ದರು. ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಕೊಟ್ರೇಶನಿಗೆ ವಿವರಿಸಿದ್ದೂ ಅವರೇ.

"ಗಸಗಸೆಗಿಂತ ಸಣ್ಣ ಆಲಿಕಾಳುಗಳು. ಹೊಟ್ಟೆ ಹೊಲಿಯುವ ಮೊದಲು ಒಳಗೆ ಚಿಮುಕಿಸುತ್ತೇವೆ. ಅಲ್ಲಲ್ಲಿ ಅಂಟಿಕೊಂಡು ಆಲಿಸುತ್ತವೆ, ಕೇಳಿದ್ದನ್ನು ಹೊರಗಿನ ಪೆಟ್ಟಿಗೆ ಹೇಳುತ್ತದೆ."

"ಏನನ್ನ ಮೇಡಂ? ಹೊಟ್ಟೆ ಗುರ್ ಅನ್ನೋದನ್ನಾ?"

"ಅದನ್ನೂ. ಕರುಳು ಎದ್ದಿತೋ ಇಲ್ಲವೋ ಅಂತ ದಿನಾ ಹೇಳುತ್ತದೆ. ಆದರೆ ಅದರ ನಿಜವಾದ ಕೆಲಸ ಬೇರೆ. ಜೀವಕೋಶ ಸುಮ್ಮನಿರುವುದಿಲ್ಲ, ಸದಾ ಅದುರುತ್ತಿರುತ್ತದೆ. ಆರೋಗ್ಯದ ಕೋಶದ ಅದುರು ಒಂದು ಬಗೆ, ಕ್ಯಾನ್ಸರ್ ಕೋಶದ್ದು ಇನ್ನೊಂದು ಬಗೆ. ಗಾಯದ ಗದ್ದಲ ಇಳಿದ ಮೇಲೆ, ಸುಮಾರು ಹತ್ತನೆಯ ದಿನ, ಉಳಿದಿದೆಯೋ ಇಲ್ಲವೋ, ಉಳಿದಿದ್ದರೆ ಎಲ್ಲಿ ಅಂತ ಹೇಳುತ್ತದೆ. ಅದೇ ಕೋಶವರದಿ."

"ಅಂದರೆ ಕ್ಯಾನ್ಸರ್‌ಗೆ ಮಿಮಿಕ್ರಿ ಬರಲ್ಲ."

ಮೆಹರ್‌ತಾಜ್ ಚಹಾದ ಲೋಟ ಕೆಳಗಿಟ್ಟರು. "ಬರುವುದು ಅದೊಂದೇ. ನಮ್ಮ ಕೋಶದ ಹಾಗೇ ನಟಿಸಿಕೊಂಡು ಒಳಗೆ ಬಾಳುತ್ತದೆ. ನಿಮಗಿಂತ ದೊಡ್ಡ ಕಲಾವಿದ. ನನ್ನ ಕಾಳುಗಳ ಕಿವಿ ಅದಕ್ಕಿಂತ ಸೂಕ್ಷ್ಮ, ಅಷ್ಟೆ."

ಕೊಟ್ರೇಶ ಕೈಯೆರಡನ್ನೂ ಮಂಡಿಯ ನಡುವೆ ಇಟ್ಟುಕೊಂಡ. ಕೇಳಲು ಬಂದ ಮಾತು ಇನ್ನೂ ಕೇಳಿರಲಿಲ್ಲ. "ಮೇಡಂ, ಭಾವನಿಗೆ ಇದು ಕ್ಯಾನ್ಸರ್ ಅಂತ ಗೊತ್ತಿಲ್ಲ. ಕರುಳು ಅಂಟಿಕೊಂಡಿದೆ, ಬಿಡಿಸ್ತಾರೆ ಅಂದಿದ್ದೇವೆ. ನಮ್ಮಪ್ಪನಿಗೂ ಇದೇ ಆಗಿತ್ತು. ಹೆಸರು ಕೇಳಿದ ದಿನ ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ. ತುತ್ತು ಮುಟ್ಟಲಿಲ್ಲ. ಅವರನ್ನ ಕೊಂದಿದ್ದು ರೋಗ ಅಲ್ಲ, ಹೆಸರು ಅಂತ ಅಕ್ಕ ಇವತ್ತಿಗೂ ಅಂತಾಳೆ. ಆ ಯಂತ್ರಕ್ಕೆ ಒಂಚೂರು ಸುಳ್ಳು ಕಲಿಸೋಕಾಗಲ್ವಾ?"

"ಕಲಿಸಬಹುದು. ಆಮೇಲೆ ಅದು ನಿಜ ಹೇಳಿದರೂ ಯಾರು ನಂಬುತ್ತಾರೆ?"

"ಹಾಗಾದರೆ ನೀವಾದರೂ..."

"ರೋಗಿಯ ಹತ್ತಿರ ಮಾತಾಡದೆ ನಾನು ಚಾಕು ಹಿಡಿಯುವವಳಲ್ಲ. ಮೇಷ್ಟ್ರ ಹತ್ತಿರ ಆಗಲೇ ಮಾತಾಡಿದ್ದೇನೆ."

ಕೊಟ್ರೇಶ ಕುಳಿತಲ್ಲಿಂದ ಅರ್ಧ ಎದ್ದ. "ಏನಂದರು?"

"ಅದು ಅವರ ಮಾತು. ಬೇಕಾದರೆ ಅವರನ್ನೇ ಕೇಳಿ."

ಕೇಳುವ ಧೈರ್ಯ ಅವನಿಗಿರಲಿಲ್ಲ. ಭಾವ ಎಂದಿನಂತೆಯೇ ಇದ್ದರು. ನೋಡಲು ಬಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ "ಅಂಟು ಕಣ್ರೋ, ಕರುಳಿಗೆ ಅಂಟು" ಎಂದು ಅವರೇ ಸಾರುತ್ತಿದ್ದರು. ಡಾಕ್ಟರಮ್ಮ ಹದವಾಗಿ ಏನೋ ಹೇಳಿ ದಾಟಿಸಿರಬೇಕು ಎಂದು ಅಕ್ಕ-ತಮ್ಮ ತೀರ್ಮಾನಿಸಿದರು. ಉಳಿದದ್ದು ಕೋಶವರದಿಯ ಗಂಡಾಂತರ ಒಂದೇ. ಅದನ್ನು ರೋಗಿಯೇ ಬಾಯಿಬಿಟ್ಟು ಕೇಳಬೇಕು, ಕೇಳಿದರೆ ಯಂತ್ರ ಅಡಗಿಸದೆ ಹೇಳುತ್ತದೆ. ಮೇಷ್ಟ್ರೋ, ಯಾವ ಪರೀಕ್ಷೆಯ ಫಲಿತಾಂಶವನ್ನೂ ಕೇಳದೆ ಬಿಟ್ಟವರಲ್ಲ.

ಹೀಗೆ ಹುಟ್ಟಿತು ಪರದೆಯ ಉಪಾಯ. ಉದರವಾಣಿಯ ಪೆಟ್ಟಿಗೆಯನ್ನು ಹಾಸಿಗೆಯ ತಲೆಯ ಹಿಂದಿನ ಕಟ್ಟೆಯ ಮೇಲೆ, ಪರದೆಗೆ ತಾಗಿಸಿ ಇಟ್ಟಿದ್ದರು. ನಳಿಗೆಗಳಿಂದಾಗಿ ಮೇಷ್ಟ್ರು ಅತ್ತ ಹೊರಳುವಂತಿರಲಿಲ್ಲ. ಪರದೆಯ ಆಚೆಯಿಂದ ಪೆಟ್ಟಿಗೆಯ ವಯರು ಕಿತ್ತು, ಅದರ ಬೆನ್ನಿಗೆ ಬಾಯಿಟ್ಟು ಮಾತಾಡಿದರಾಯಿತು.

"ಅಕ್ಕ, ಸಿಕ್ಕಿಬಿದ್ದರೆ?"

"ಮಂತ್ರಿ ದನಿಯಲ್ಲಿ ಫೋನು ಮಾಡಿ ಬಸ್ಸು ನಿಲ್ಲಿಸಿದವನು ನೀನು. ಒಂದು ಪೆಟ್ಟಿಗೆ ದನಿ ಬರಲ್ವಾ ನಿಂಗೆ?" ಎಂದರು ಮಂಗಳಮ್ಮ. ಆಮೇಲೆ ದನಿ ಇಳಿಯಿತು. "ಅಪ್ಪನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ ಕೊಟ್ರ. ಇವರನ್ನಾದರೂ ಗೋಡೆ ಕಡೆ ತಿರುಗೋಕೆ ಬಿಡಬೇಡ."

ವರದಿ ಸಿದ್ಧವಾಗುವ ದಿನ ಬಂತು. ಅಷ್ಟರಲ್ಲಿ ಮೂಗಿನ ನಳಿಗೆ ಹೋಗಿ, ಗಂಜಿತಿಳಿ ಶುರುವಾಗಿ, ಮೇಷ್ಟ್ರು ನರ್ಸಿನ ಭುಜ ಹಿಡಿದು "ಎಡ, ಬಲ" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಳ್ಳುತ್ತ ನಾಲ್ಕು ಹೆಜ್ಜೆ ನಡೆದಿದ್ದರು. ಮಧ್ಯಾಹ್ನ ವಾರ್ಡು ತೂಕಡಿಸುವ ಹೊತ್ತು. ಮಂಗಳಮ್ಮ ಬಿಸಿನೀರು ತರುವೆನೆಂದು ಹೊರಗೆ ಹೋಗಿ ಬಾಗಿಲಿಗೆ ಕಿವಿಗೊಟ್ಟು ನಿಂತರು. ಕೊಟ್ರೇಶ ಬರಿಗಾಲಲ್ಲಿ ಪರದೆಯ ಹಿಂದೆ ಬಂದು, ವಯರು ಕಿತ್ತು, ಗಂಟಲು ಸರಿಮಾಡಿಕೊಂಡ.

"ಏಯ್, ಪೆಟ್ಟಿಗೆ," ಎಂದರು ಮೇಷ್ಟ್ರು. "ಕೋಶವರದಿ ಹೇಳು."

"ನಮಸ್ಕಾರ. ಇದು ಉದರವಾಣಿ. ಕೋಶವರದಿ. ಕರುಳಿನ ಅಂಟನ್ನು ಪೂರ್ಣವಾಗಿ ಬಿಡಿಸಲಾಗಿದೆ. ಬೇರೆ ಯಾವ ತೊಂದರೆಯೂ ಕಂಡುಬಂದಿಲ್ಲ. ವರದಿ ಮುಕ್ತಾಯವಾಯಿತು."

ಎಷ್ಟು ಹದವಾಗಿ ಬಂತೆಂದರೆ ಕೊಟ್ರೇಶನಿಗೇ ಒಂದು ಕ್ಷಣ ನಂಬಿಕೆ ಹುಟ್ಟಿತು.

ಹಾಸಿಗೆಯ ಮೇಲೆ ಮೇಷ್ಟ್ರು ಕಣ್ಣು ತೆರೆದರು. ಆಮೇಲೆ, ಅವರ ಬಾಯಲ್ಲಿ ಯಾರೂ ಕೇಳಿರದಷ್ಟು ಮೆಲ್ಲಗೆ ಅಂದರು: "ನಿನಗೂ ಹೇಳಿಕೊಟ್ಟರಾ?"

ಪರದೆಯ ಹಿಂದೆ ಕೊಟ್ರೇಶ ಉಸಿರು ಹಿಡಿದ.

"ಡಾಕ್ಟರಮ್ಮ ನೀನು ಸುಳ್ಳು ಹೇಳಲ್ಲ ಅಂದಿದ್ದಳು. ಇರಲಿ, ಒಳ್ಳೇದೇ ಆಯ್ತು. ನನ್ನ ಹೆಂಡತಿ, ಭಾಮೈದ ಇದ್ದಾಗ ಹೀಗೇ ಹೇಳು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ ಪಾಪ. ಗೊತ್ತಿದೆ ಅಂತ ತಿಳಿದರೆ ಅವಳು ತಡಕೊಳ್ಳಲ್ಲ. ಅದಕ್ಕೇ ನನ್ನ ಹೊಟ್ಟೆ ಕೊಯ್ಯೋ ಮೊದಲೇ ಡಾಕ್ಟರಮ್ಮನ ಹತ್ತಿರ ಮಾತು ತಗೊಂಡೆ, ಅವರಿಗೆ ಹೇಳಬೇಡಿ ಅಂತ. ಈಗ ಯಾರೂ ಇಲ್ಲ. ನನಗೊಬ್ಬನಿಗೆ ನಿಜ ಹೇಳು. ಉಳಿದಿದೆಯಾ ಕ್ಯಾನ್ಸರು?"

ಕೊಟ್ರೇಶನಿಗೆ ನಿಜ ಗೊತ್ತಿದ್ದರೆ ತಾನೇ ಹೇಳುವುದು? ನಿಜವಿದ್ದದ್ದು ಪೆಟ್ಟಿಗೆಯೊಳಗೆ, ಅದರ ವಯರು ಇದ್ದದ್ದು ಅವನ ಕೈಯಲ್ಲಿ.

"ಪ್ರಶ್ನೆ ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಕೇಳಿ."

"ಅರ್ಥ ಆಗಲ್ವಾ? ಕೊನೇ ಬೆಂಚಿನವನ ಹಾಗೆ ಆಡಬೇಡ! ಸಾಯೋದಕ್ಕೆ ಹೆದರಿ ಕೇಳ್ತಿಲ್ಲ ನಾನು. ಲೆಕ್ಕಾಚಾರಕ್ಕೆ ಕೇಳ್ತಿದ್ದೀನಿ." ಮೇಷ್ಟ್ರು ಏದುಸಿರು ಬಿಟ್ಟು ಸುಧಾರಿಸಿಕೊಂಡರು. "ಊರ ಹುಡುಗಿಯರಿಗೆಲ್ಲ ಓಟ ಕಲಿಸಿದೆ, ಜಿಗಿತ ಕಲಿಸಿದೆ. ಮನೇಲಿರೋಳಿಗೆ ಒಂದು ಸ್ಕೂಟರ್ ಕಲಿಸಲಿಲ್ಲ. ಹಿಂದೆ ಕೂತ್ಕೋ, ಸಾಕು ಅಂದೆ. ನಾನಿಲ್ಲದಿದ್ದರೆ ಅವಳು ಸಂತೆಗೂ ಹೋಗಲ್ಲ, ದೇವಸ್ಥಾನಕ್ಕೂ ಹೋಗಲ್ಲ, ಗೇಟಿನವರೆಗೆ ಬಂದು ವಾಪಸ್ ಹೋಗ್ತಾಳೆ. ಅವಳಿಗೆ ಕಲಿಸಬೇಕು. ಬೈದರೆ ಅವಳ ಕೈ ನಡುಗುತ್ತೆ. ಬೈಯದೆ ಕಲಿಸೋದು ನನಗೆ ಬರಲ್ಲ. ಮೊದಲು ಅದನ್ನ ನಾನು ಕಲೀಬೇಕು. ಅದಕ್ಕೇ ಕೇಳಿದ್ದು, ದಿನ ಎಷ್ಟಿದೆ ಅಂತ."

ಬಾಗಿಲಾಚೆ ಏನೋ ಪಾತ್ರೆ ನೆಲಕ್ಕೆ ತಾಗಿದ ಸದ್ದಾಯಿತು. ಮೇಷ್ಟ್ರು ಗಮನಿಸಲಿಲ್ಲ.

"ಇನ್ನೊಂದು ವಿಷಯ. ನನ್ನ ಭಾಮೈದ ಒಬ್ಬನಿದ್ದಾನೆ. ನನ್ನ ದನಿ ತೆಗೆದು ಊರೂರು ನಗಿಸ್ತಾನೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಮುಂದೆ ಮಾತ್ರ ಬೆಕ್ಕು. ಮೊದಮೊದಲು ಸಿಟ್ಟಿತ್ತು. ಈಗ, ಇಲ್ಲಿ ಮಲಗಿದ ಮೇಲೆ, ಅನ್ನಿಸುತ್ತೆ. ನಾನು ಹೋದಮೇಲೆ ಯಾವತ್ತಾದರೂ ಅವಳಿಗೆ ನನ್ನ ಬೈಗುಳ ಬೇಕು ಅನ್ನಿಸಿದರೆ, ಬೈಯೋಕೆ ಅವನಿದ್ದಾನಲ್ಲ. ಅದೊಂದು ಸಮಾಧಾನ."

ಆಗ ಯಂತ್ರ ಮೂಗು ಸೀಟಿತು.

ಮೇಷ್ಟ್ರು ಕತ್ತೆತ್ತಿದರು. "ಪೆಟ್ಟಿಗೆಗೂ ನೆಗಡಿಯಾ?"

"ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ," ಎಂದಿತು ಯಂತ್ರ. ಕೊನೆಯ ಅಕ್ಷರ ಒಡೆದು ಎರಡಾಗಿತ್ತು.

ಮೇಷ್ಟ್ರು ಒಂದು ಕ್ಷಣ ಕಣ್ಣು ಕಿರಿದು ಮಾಡಿ ಛಾವಣಿ ನೋಡಿದರು. ಆಮೇಲೆ ಹೊಟ್ಟೆಯ ನೋವು ಮರೆತು, ಮೈದಾನದ ಆ ತುದಿಗೆ ಮುಟ್ಟುವಂತೆ ಕೂಗಿದರು:

"ಕೊಟ್ರೇಶ! ಸಾವಧಾನ್!"

ಪರದೆಯ ಹಿಂದೆ ಎರಡು ಬರಿಗಾಲು ಫಟ್ ಎಂದು ಕೂಡಿಕೊಂಡವು. ಎಂಟನೆಯ ತರಗತಿಯಲ್ಲಿ ಕಲಿತದ್ದು, ಮೆದುಳನ್ನು ಕೇಳಿ ಆಗುವ ಕೆಲಸವಲ್ಲ.

ಪರದೆ ಸರಿಸಿ ಅವನು ಈಚೆ ಬಂದ. ಕೈಯಲ್ಲಿ ವಯರು, ಕೆನ್ನೆಯ ಮೇಲೆ ನೀರು, ಎದೆ ಮುಂದಕ್ಕೆ ಮಾಡಿ ನಿಂತಿದ್ದ ಕೊಟ್ರೇಶನನ್ನು ನೋಡಿ ಮೇಷ್ಟ್ರಿಗೆ ನಗು ಬರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಕದ್ದು ಕೇಳಿದೆಯಾ? ಮನುಷ್ಯರ ಹತ್ತಿರ ಆಡೋಕಾಗದ್ದನ್ನ ಒಂದು ಪೆಟ್ಟಿಗೆ ಹತ್ತಿರ ಆಡಿಕೊಂಡೆನಲ್ಲೋ. ಅದನ್ನೂ ಕದ್ದೆಯಾ?"

"ಬೈಬೇಡಿ ಅವನನ್ನ. ನಾನೇ ಮಾಡಿಸಿದ್ದು." ಬಾಗಿಲಲ್ಲಿ ಮಂಗಳಮ್ಮ ನಿಂತಿದ್ದರು, ಖಾಲಿ ಚೊಂಬು ಹಿಡಿದು. "ನಿಮಗೆ ಗೊತ್ತಿತ್ತಾ?"

"ನಿನಗೆ ಗೊತ್ತು ಅಂತಲೂ ಗೊತ್ತಿತ್ತು."

"ಮತ್ತೆ ಬಂದವರಿಗೆಲ್ಲ ಅಂಟು, ಅಂಟು ಅಂತ ಡಂಗುರ ಹೊಡೆದಿರಿ!"

"ನೀನು ಹೇಳಿಕೊಟ್ಟ ಪಾಠ ತಾನೇ ಒಪ್ಪಿಸಿದ್ದು?"

ಮಂಗಳಮ್ಮನಿಗೆ ಅಳಬೇಕೋ ಜಗಳ ಆಡಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಶುರುಮಾಡುವಷ್ಟರಲ್ಲಿ ಡಾ. ಮೆಹರ್‌ತಾಜ್ ಓಡುತ್ತ ಒಳಬಂದರು. ವಯರು ಕಿತ್ತರೆ ಅವರ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆಂದು ಉಪಾಯ ಹೂಡಿದವರಿಗೆ ಗೊತ್ತಿರಲಿಲ್ಲ. ಅವರು ಕೊಟ್ರೇಶನ ಕೈಯನ್ನೂ, ಮೂವರ ಮುಖವನ್ನೂ ನೋಡಿದರು. ವಿವರ ಕೇಳಲಿಲ್ಲ.

"ಈ ಕಡೆಯವರದೊಂದು ಗುಟ್ಟು, ಆ ಕಡೆಯವರದೊಂದು ಗುಟ್ಟು. ಎರಡನ್ನೂ ಹೊತ್ತು ನನ್ನ ಬೆನ್ನು ಬಿದ್ದುಹೋಗಿತ್ತು," ಎಂದು ವಯರು ಕಸಿದು ಸಿಕ್ಕಿಸಿದರು.

ಪೆಟ್ಟಿಗೆಯ ದೀಪ ಹತ್ತಿತು. "ನಮಸ್ಕಾರ. ಇದು ಉದರವಾಣಿ. ಕೋಶವರದಿ ಸಿದ್ಧವಿದೆ. ಕೇಳುವಿರಾ?"

ಮೇಷ್ಟ್ರು ಬಾಯಿ ತೆರೆದವರು ಹೆಂಡತಿಯ ಕಡೆ ನೋಡಿ ಮುಚ್ಚಿದರು. ಮಂಗಳಮ್ಮ ಚೊಂಬು ಕೆಳಗಿಟ್ಟರು. ಎಂದಿನಂತೆ ಕಾಲಬಳಿ ಕೂರದೆ, ಗಂಡನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತರು.

"ಹೇಳಲಿ. ಕೇಳಿ ಅದನ್ನ," ಎಂದರು.

"ಕೋಶವರದಿ ಹೇಳು," ಎಂದರು ಮೇಷ್ಟ್ರು.

"ಯಕೃತ್ತಿನ ಸುತ್ತ ಸದ್ದಿಲ್ಲ. ಎಡ ಪಕ್ಕೆಯಲ್ಲಿ ಸದ್ದಿಲ್ಲ. ಕಿಬ್ಬೊಟ್ಟೆಯಲ್ಲಿ ಸದ್ದಿಲ್ಲ. ಸಣ್ಣ ಕರುಳನ್ನು ಹಿಡಿದಿರುವ ಮಡಿಕೆಯಲ್ಲಿ, ಒಂದು ಸ್ಥಳದಲ್ಲಿ, ಸದ್ದಿದೆ. ಅದು ಕ್ಯಾನ್ಸರ್ ಕೋಶದ ಸದ್ದು. ವರದಿ ಮುಕ್ತಾಯವಾಯಿತು."

ಕೊಟ್ರೇಶ ಅಷ್ಟು ಚೆನ್ನಾಗಿ ಹೊಡೆದಿದ್ದ ದನಿಯೇ ಅದು. ಆದರೂ ಯಾರಿಗೂ ಒಂದೇ ದನಿ ಎನ್ನಿಸಲಿಲ್ಲ.

ಮೆಹರ್‌ತಾಜ್ ಮಂಚದ ಕಂಬಿ ಹಿಡಿದು ಹೇಳಿದರು. "ಆ ಮಡಿಕೆಯಲ್ಲೇ ಕರುಳಿಗೆ ರಕ್ತ ಹೋಗುವ ನಾಳಗಳಿವೆ ಮೇಷ್ಟ್ರೇ. ಅಲ್ಲಿ ಕೈಯಾಡಿಸಿದರೆ ಊಟ ಜೀರ್ಣವಾಗುವಷ್ಟು ಕರುಳೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಬಿಸಿಮಜ್ಜನವನ್ನೇ ನಂಬಿದ್ದೆ. ಪೂರ್ತಿ ಸಾಲಲಿಲ್ಲ. ಗಾಯ ಒಣಗಿದ ಮೇಲೆ ರಕ್ತಕ್ಕೆ ಔಷಧ ಕೊಡೋಣ. ಅಡಗಬಹುದು, ಅಡಗದೆಯೂ ಇರಬಹುದು. ವರ್ಷಗಳು ಸಿಕ್ಕವರಿದ್ದಾರೆ. ಸಿಗದವರೂ ಇದ್ದಾರೆ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ."

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಮಂಗಳಮ್ಮನ ಕೈ ತಮ್ಮನ ತೋಳನ್ನು ಹುಡುಕಿ ಹಿಡಿಯಿತು. ಉಗುರು ನಾಟಿತು. ಏನಾದರೂ ಮಾಡು ಎಂದು ಆ ಉಗುರು ಹೇಳುತ್ತಿತ್ತು. ಮಾಡಲು ಅವನಿಗೇನು ಬರುತ್ತದೆ? ಬರುವುದು ಒಂದೇ. ಅದನ್ನು ಯಾವತ್ತೂ ಈ ಮನುಷ್ಯನ ಎದುರು ಮಾಡಿರಲಿಲ್ಲ. ಅವನು ಮಂಚದ ಹತ್ತಿರ ಹೋಗಿ, ಮೇಷ್ಟ್ರ ಬ್ಯಾಂಡೇಜು ಸುತ್ತಿದ ಹೊಟ್ಟೆಯತ್ತ ಬಗ್ಗಿ, ಸೊಂಟದ ಮೇಲೆ ಕೈಯಿಟ್ಟು, ಗದಿಗೆಪ್ಪ ಮೇಷ್ಟ್ರಾಗಿ ಗರ್ಜಿಸಿದ:

"ಏಯ್! ಯಾವನೋ ಅವನು ಮೂಲೇಲಿ ಗುಸುಗುಸು ಅನ್ನೋನು? ನೀನೇ, ನೀನೇ! ಮಡಿಕೇಲಿ ಮುಖ ಮುಚ್ಚಿಕೊಂಡರೆ ಕಾಣಲ್ಲ ಅಂದುಕೊಂಡೆಯಾ? ಎದ್ದು ನಿಲ್ಲು! ದೊಡ್ಡ ಕರುಳಿನ ಹುಡುಗ, ಸಣ್ಣ ಕರುಳಿನ ಕ್ಲಾಸಲ್ಲಿ ಏನೋ ಕೆಲಸ ನಿಂಗೆ? ಯಾರ ಪರ್ಮಿಷನ್ ತಗೊಂಡೆ? ಹೆಡ್ಮಾಷ್ಟ್ರುದಾ? ಬನಿಯನ್ ಎಲ್ಲಿ? ಉಗುರು ತೋರಿಸು! ಮೈದಾನಕ್ಕೆ ಹತ್ತು ಸುತ್ತು, ಓಡೋ ಕತ್ತೆ!"

ವಾರ್ಡಿನ ಆಚೆ ತುದಿಯ ರೋಗಿಯೊಬ್ಬ ಗಾಬರಿಯಿಂದ ಎದ್ದು ಕುಳಿತ.

ಗೋಡೆಯ ಕಡೆ ತಿರುಗಿದ್ದ ಮೇಷ್ಟ್ರ ಭುಜ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಅಳುತ್ತಿದ್ದಾರೆಂದು ಮಂಗಳಮ್ಮ ಕೈಚಾಚುವಷ್ಟರಲ್ಲಿ ಅವರು ಈ ಕಡೆ ತಿರುಗಿದರು. ಮುಖವೆಲ್ಲ ಕೆಂಪು. ಬಾಯಿ ತೆರೆದಿದೆ, ಸದ್ದು ಇನ್ನೂ ಬಂದಿಲ್ಲ.

"ಉಗುರು..." ಎಂದರು ಕಷ್ಟಪಟ್ಟು. "ಕ್ಯಾನ್ಸರಿಗೆ... ಉಗುರು ತೋರಿಸು ಅಂತಾನಲ್ಲೇ... ನಾನು ಹೀಗೇನಾ ಒದರೋದು?"

"ಇನ್ನೂ ಜಾಸ್ತಿ," ಎಂದರು ಮಂಗಳಮ್ಮ, ಕಣ್ಣೊರೆಸುತ್ತ.

ಆಗ ಸದ್ದು ಬಂತು. ಮೇಷ್ಟ್ರು ನಕ್ಕರು. "ಅಯ್ಯೋ ಹೊಲಿಗೆ! ದಿಂಬು ಅವುಚಿಕೊಳ್ಳಿ, ದಿಂಬು!" ಎಂದು ಮೆಹರ್‌ತಾಜ್ ದಿಂಬು ತುರುಕಿದರು. ಮೇಷ್ಟ್ರು ಅದನ್ನು ಹೊಟ್ಟೆಗೆ ಒತ್ತಿಕೊಂಡು, ನೋವಿಗೆ ಹಲ್ಲು ಕಚ್ಚಿ, ಹಲ್ಲು ಕಚ್ಚಿದ್ದಕ್ಕೇ ಮತ್ತೆ ನಕ್ಕರು.

ಪೆಟ್ಟಿಗೆಯ ಕೆಂಪು ದೀಪ ಮಿಣುಕತೊಡಗಿತು.

"ತುರ್ತು ವರದಿ. ಉದರದ ಎಲ್ಲ ದಿಕ್ಕುಗಳಲ್ಲೂ ತೀವ್ರ ಅಲುಗಾಟ. ಎಲ್ಲ ಕಾಳುಗಳಿಗೂ ಒಂದೇ ಸದ್ದು ಕೇಳುತ್ತಿದೆ. ಈ ಸದ್ದಿನ ಪರಿಚಯವಿಲ್ಲ. ದಯವಿಟ್ಟು ವೈದ್ಯರನ್ನು ಕರೆಯಿರಿ."

ಮೆಹರ್‌ತಾಜ್ ಪೆಟ್ಟಿಗೆಯತ್ತ ನೋಡುತ್ತ ನಿಂತುಬಿಟ್ಟರು. ಅದಕ್ಕೆ ಅವರು ಕೆಮ್ಮು ಕಲಿಸಿದ್ದರು, ಬಿಕ್ಕಳಿಕೆ, ನರಳಾಟ, ಅಳು, ಎಲ್ಲ ಕಲಿಸಿದ್ದರು. ನೂರಾರು ಹೊಟ್ಟೆಗಳನ್ನು ಕೇಳಿಸಿ ಕಲಿಸಿದ್ದರು. ಅಷ್ಟು ಹೊಟ್ಟೆಗಳಲ್ಲಿ ಒಂದೂ ಅದರ ಮುಂದೆ ನಕ್ಕಿರಲಿಲ್ಲ.

"ಏನಂತೆ ಅದು?" ಎಂದರು ಮೇಷ್ಟ್ರು, ಉಸಿರು ಸಿಕ್ಕಿದಷ್ಟು.

"ನೀವು ನಗುತ್ತಿರುವುದು ಅದಕ್ಕೆ ಗೊತ್ತಾಗುತ್ತಿಲ್ಲ ಮೇಷ್ಟ್ರೇ," ಎಂದರು ಮೆಹರ್‌ತಾಜ್. ಅವರ ದನಿಯೂ ನೆಟ್ಟಗಿರಲಿಲ್ಲ. "ಏನೋ ಹೊಸ ಕಾಯಿಲೆ ಅಂದುಕೊಂಡಿದೆ."

ಕೊಟ್ರೇಶ ನಕ್ಕ. ಮಂಗಳಮ್ಮ ಈ ಸಲ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕರು. "ವೈದ್ಯರನ್ನು ಕರೆಯಿರಿ, ವೈದ್ಯರನ್ನು ಕರೆಯಿರಿ" ಎಂದು ಪೆಟ್ಟಿಗೆ ಒಂದೇ ಸಮನೆ ಅರಚುತ್ತಿತ್ತು. ಅದರ ಅರಚಾಟವನ್ನೂ ಮೀರಿಸಿ, ದಿಂಬನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಗದಿಗೆಪ್ಪ ಮೇಷ್ಟ್ರು.